ಎಲ್ಲ ಮರೆವೂ ಅಲ್ಝೈಮರ್ ಅಲ್ಲ



‘ಅರವತ್ತಕ್ಕೆ ಅರಳುಮರಳು’ ಎಂದು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆಂದರೆ, ಅದರ ಹಿಂದೆ ಕಾಯಿಲೆ ಇರಬಹುದೆಂಬ ಅನುಮಾನವೇ ಬರುವುದಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು!

ಜಗತ್ತಿನ ಒಟ್ಟು ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 60ರಿಂದ 70ರಷ್ಟಕ್ಕೆ ಅಲ್ಝೈಮರ್ ಕಾರಣ. ಹೆಸರು ಚಿರಪರಿಚಿತವಾಗಿರುವುದೂ ಅದಕ್ಕೇ. ಆದರೆ ನಮ್ಮಪ್ಪನಿಗೆ ಬಂದದ್ದು ಎರಡನೇ ಪ್ರಮುಖ ಬಗೆ, ಮಿದುಳಿನ ರಕ್ತನಾಳಗಳು ಕೆಟ್ಟು ಬರುವ ವ್ಯಾಸ್ಕುಲರ್ ಡಿಮೆನ್ಷಿಯಾ. ಸಣ್ಣದೊಂದು ಲಕ್ವ ಹೊಡೆದ ಮೇಲೆ ಚಿಲ್ಲರೆ ಎಣಿಸುವುದು ತಪ್ಪಿತು. ಆರು ತಿಂಗಳು ಹಾಗೇ ಇದ್ದರು, ಆಮೇಲೆ ಒಮ್ಮೆಲೇ ಇನ್ನೊಂದು ಮೆಟ್ಟಿಲು ಇಳಿದರು. ಬಿಪಿ ಮಾತ್ರೆಯನ್ನು ಅವರು ಬಿಟ್ಟುಬಿಟ್ಟಿದ್ದು ನಮಗೆ ತಿಳಿದೇ ಇತ್ತು, ಸುಮ್ಮನಿದ್ದೆವು.

ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ ಎನ್ನುವ ಅಜ್ಜಿಗೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತೇವೆ. ಅದು ಲೆವಿ ಬಾಡಿ ಡಿಮೆನ್ಷಿಯಾ ಎಂಬ ಮತ್ತೊಂದು ಬಗೆ ಇರಬಹುದು. ಅಂಥವರಿಗೆ ಭ್ರಮೆ ತಗ್ಗಿಸಲು ಕೊಡುವ ಕೆಲವು ಮಾತ್ರೆಗಳೇ ಅಪಾಯಕಾರಿ. ಹೀಗಾಗಿ ‘ಯಾವುದಾದರೇನು, ಎಲ್ಲ ಒಂದೇ’ ಎನ್ನುವಂತಿಲ್ಲ. ಮಿದುಳಿನ ಮುಂಭಾಗವನ್ನು ಬಾಧಿಸುವ ಬಗೆ ಅಪರೂಪ. 80 ದಾಟಿದವರಲ್ಲಿ ಎರಡು ಬಗೆ ಒಟ್ಟಿಗಿರುವುದು ಮಾತ್ರ ಅಪರೂಪವಲ್ಲ.

ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಹಿರಿಯರ ಮರೆವನ್ನು ವಯಸ್ಸಿನ ತಲೆಗೆ ಕಟ್ಟುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಮರೆವಿನ ತಪಾಸಣೆ ನಡೆಯುವಂತೆ ಸರ್ಕಾರ ನೋಡಿಕೊಳ್ಳಲಿ.

– ಒಬ್ಬ ಓದುಗ, ತೀರ್ಥಹಳ್ಳಿ