ಪಿಸಿ ನಿದ್ದೆ ಮಾಡ್ತಿಲ್ಲ ಅಂತ ಫಾರ್ಮ್ಯಾಟ್ ಮಾಡಿಸ್ಬೇಡಿ

ಪಿಸಿನ ಸ್ಲೀಪ್‌ಗೆ ಹಾಕಿ ಮಲಗ್ತೀರ. ಮಧ್ಯರಾತ್ರಿ ಫ್ಯಾನ್ ಬರ್ ಅಂತ ಶುರುವಾಗುತ್ತೆ, ಮಾನಿಟರ್ ಬೆಳಕಿಗೆ ಮನೆಯವರೆಲ್ಲ ಏಳ್ತಾರೆ. ಬೆಳಗ್ಗೆ ಯಾರನ್ನ ಕೇಳಿದ್ರೂ ಒಂದೇ ಉತ್ತರ: "ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡಿಸು."

ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಅಂದ್ರೆ ಇದೇ. ದುಡ್ಡು ಹೋಗುತ್ತೆ. ಬ್ಯಾಕಪ್ ಇಲ್ಲದಿದ್ರೆ ಟ್ಯಾಲಿ ಡೇಟಾ, ಪ್ರಾಜೆಕ್ಟ್ ರಿಪೋರ್ಟ್ ಕೂಡ ಹೋಗುತ್ತೆ. ಇಷ್ಟೆಲ್ಲ ಆದ್ಮೇಲೂ ಹೊಸ ವಿಂಡೋಸ್ ಜೊತೆ ಅದೇ ಹಳೇ ಡೀಫಾಲ್ಟ್ ಸೆಟ್ಟಿಂಗ್ ವಾಪಸ್ ಬರುತ್ತೆ, ಪಿಸಿ ಮತ್ತೆ ಏಳಬಹುದು.

ನಾವು ಬಿಕಾಂನವರು. ವೋಚರ್ ನೋಡದೆ ಎಂಟ್ರಿ ಪಾಸ್ ಮಾಡಲ್ಲ ತಾನೆ? ಇಲ್ಲೂ ಅಷ್ಟೇ. ಪಿಸಿನ ಎಬ್ಬಿಸಿದ್ದು ಯಾರು ಅನ್ನೋದಕ್ಕೆ ಎಷ್ಟೋ ಸಲ ವಿಂಡೋಸ್ ಹತ್ರಾನೇ ದಾಖಲೆ ಇರುತ್ತೆ. ಮೊದಲು ಅದನ್ನ ಕೇಳಿ.

1. ಪಿಸಿ ತಾನಾಗೇ ಎದ್ದ ತಕ್ಷಣ ಕಮಾಂಡ್ ಪ್ರಾಂಪ್ಟನ್ನ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆಯಿರಿ. ಪವರ್ ಅಂತ ಟೈಪ್ ಮಾಡಿ, ಗ್ಯಾಪ್ ಬಿಡದೆ ಸಿ-ಎಫ್-ಜಿ ಸೇರಿಸಿ. ಆಮೇಲೆ ಒಂದು ಸ್ಪೇಸ್, ಸ್ಲ್ಯಾಶ್, ಲಾಸ್ಟ್‌ವೇಕ್. ಎಂಟರ್. ಕೊನೇ ಸಲ ಎಬ್ಬಿಸಿದ್ದು ಯಾವುದು ಅಂತ ತೋರಿಸುತ್ತೆ.

2. ಅಲ್ಲಿ ಏನೂ ಸಿಗಲಿಲ್ವಾ? ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್‌ಗೆ ಹೋಗಿ. ಪವರ್-ಟ್ರಬಲ್‌ಶೂಟರ್ ಅನ್ನೋ ಎಂಟ್ರಿಯಲ್ಲಿ ವೇಕ್ ಸೋರ್ಸ್ ನೋಡಿ.

3. ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಹೆಸರು ಬಂದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ಗೆ ಹೋಗಿ, ಕಂಪ್ಯೂಟರ್ ಎಬ್ಬಿಸೋ ಅನುಮತಿಯ ಟಿಕ್ ತೆಗೀರಿ. ಮೇಜು ಸ್ವಲ್ಪ ಅಲುಗಿದ್ರೂ ಸಾಕು, ಆಪ್ಟಿಕಲ್ ಮೌಸ್ ಪಿಸಿನ ಎಬ್ಬಿಸಬಹುದು. ಕೀಬೋರ್ಡ್ ಟಿಕ್ ಹಾಗೇ ಇರಲಿ, ನಿಮಗೆ ಬೇಕಾದಾಗ ಎಬ್ಬಿಸೋಕೆ.

4. ಟೈಮರ್ ಅಂತ ಬಂದ್ರೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಸ್ಲೀಪ್ ಒಳಗೆ ವೇಕ್ ಟೈಮರ್ಸ್ ಆಫ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಆಟೋಮ್ಯಾಟಿಕ್ ಮೇಂಟೆನೆನ್ಸ್ ಕೂಡ ನೋಡಿ. ವಿಂಡೋಸ್ 10ರಲ್ಲಿ ಅದರ ಡೀಫಾಲ್ಟ್ ಟೈಮ್ ರಾತ್ರಿ 2 ಗಂಟೆ! ದೆವ್ವ ಅಲ್ಲ, ಅಪಾಯಿಂಟ್‌ಮೆಂಟ್ 😄

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಎಲ್ಲ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತೇ ಆಗಲ್ಲ.

"ಶಟ್‌ಡೌನ್ ಮಾಡಿದ್ರೆ ಆಯ್ತಲ್ಲ?" ಅಂತೀರ. ಮಾಡಿ, ತಪ್ಪೇನಿಲ್ಲ. ಆದ್ರೆ ಮಧ್ಯಾಹ್ನ ಊಟಕ್ಕೆ, ಸಂಜೆ ಟ್ಯೂಷನ್‌ಗೆ ಎದ್ದು ಹೋದಾಗ ಪಿಸಿ ಎಚ್ಚರಾನೇ ಇರುತ್ತಲ್ಲ? ಲೆಕ್ಕ ಹಾಕಿ: ಸುಮ್ಮನಿರೋ ಪಿಸಿ 60 ವ್ಯಾಟ್ ತಗೊಳ್ಳುತ್ತೆ ಅಂತ ಇಟ್ಕೊಳ್ಳಿ. ದಿನಕ್ಕೆ 8 ಗಂಟೆ ಅಂದ್ರೆ 30 ದಿನಕ್ಕೆ 14.4 ಯೂನಿಟ್. ಯಾರೂ ಕೂರದ ಕುರ್ಚಿ ಮುಂದೆ ಉರಿದ ಕರೆಂಟ್ ಅದು. ಬಿಲ್ ಕಟ್ಟೋದು ಅಪ್ಪ ಅಮ್ಮ.

ಇದಕ್ಕೆಲ್ಲ ಕಂಪ್ಯೂಟರ್ ಸೈನ್ಸ್ ಓದಿರಬೇಕಿಲ್ಲ. ಇಷ್ಟು ಮಾಡಿಯೂ ಸರಿ ಹೋಗದಿದ್ರೆ ಅಂಗಡಿಗೆ ತಗೊಂಡು ಹೋಗಿ, ಆದ್ರೆ ಲಾಸ್ಟ್‌ವೇಕ್ ತೋರಿಸಿದ್ದನ್ನ ಫೋಟೋ ತೆಗೆದುಕೊಂಡು ಹೋಗಿ. "ಫಾರ್ಮ್ಯಾಟ್ ಮಾಡ್ಬೇಕು" ಅಂದ್ರೆ "ಯಾಕೆ?" ಅಂತ ಕೇಳಿ. ಕಾರಣ ಹೇಳಿದ್ಮೇಲೇ ದುಡ್ಡು ಕೊಡಿ.

ಸೇವ್ ಮಾಡ್ಕೊಳ್ಳಿ. ರಾತ್ರಿ 2 ಗಂಟೆಗೆ ಬೇಕಾಗುತ್ತೆ.