ತಂತಿಯಿಲ್ಲದ ಕೀಲಿಮಣೆ

ವಸ್ತುವಿನ ಬೆಲೆಯೆಂದರೆ ಅಂಗಡಿಯಲ್ಲಿ ಎಣಿಸಿಕೊಟ್ಟ ಹಣ ಮಾತ್ರವೇ ಎಂದು ತಿಳಿದವರು ಬಹುಮಂದಿ. ಹೋದ ವರ್ಷದವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಲ್ಯಾಪ್‌ಟಾಪು ಹಳೆಯದು. ಅದರ ಕೀಲಿಗಳು ಒಂದೊಂದಾಗಿ ಮುಷ್ಕರ ಹೂಡಿದವು. ರಿಪೇರಿಯವರು ಕೇಳಿದ ಹಣಕ್ಕೆ ಅಂಜಿ, ಎಲ್ಲಕ್ಕಿಂತ ಕಡಿಮೆ ಬೆಲೆಗೆ ದೊರೆತ ನಿಸ್ತಂತು ಕೀಲಿಮಣೆ ಮತ್ತು ಮೌಸಿನ ಜೊತೆಯೊಂದನ್ನು ತರಿಸಿಕೊಂಡೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಬೇಕಾದ ವಾರವೇ ಅದರ ಎಫ್ ಕೀಲಿ ಒಮ್ಮೆ ಮಾತು ಕೇಳಿ, ಮತ್ತೊಮ್ಮೆ ಕಿವುಡಾಗತೊಡಗಿತು.

ಇಂಗ್ಲಿಷಿನಲ್ಲಿ ಬರೆಯುವವನಿಗೆ ಇದು ಒಂದಕ್ಷರದ ನಷ್ಟ. ಕನ್ನಡದಲ್ಲಿ ಬರೆಯುವವನಿಗೆ ಹಾಗಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ನಾಡಿನಲ್ಲಿ ಬಳಕೆಗೆ ಬಂದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಬೇಕಾದರೆ ಎಫ್ ಕೀಲಿಯನ್ನೇ ಒತ್ತಬೇಕು. ಅದು ಕೈಕೊಟ್ಟರೆ ‘ಅಕ್ಕ’ ಎಂಬುದು ‘ಅಕಕ’ ಆಗುತ್ತದೆ. ‘ಪುಸ್ತಕ’ವು ‘ಪುಸತಕ’ ಆಗುತ್ತದೆ. ನಲವತ್ತು ಪುಟಗಳಲ್ಲಿ ಬಿದ್ದುಹೋದ ಒತ್ತುಗಳನ್ನು ಹೆಕ್ಕಿ ಹೆಕ್ಕಿ ಸೇರಿಸುತ್ತ ಎರಡು ರಾತ್ರಿ ಕಳೆದೆ. ಅಗ್ಗವೆಂದು ಮುಗ್ಗಿದ ಜೋಳ ತಂದಂತಾಯಿತು ನನ್ನ ಕಥೆ. ವಿದ್ಯಾರ್ಥಿವೇತನದ ಹಣದಲ್ಲಿ ಇಂತಹುದೇ ಜೊತೆಯನ್ನು ಕೊಳ್ಳಲಿರುವ ಮಿತ್ರರಿಗೆ ನನ್ನ ಪೆಟ್ಟು ಪಾಠವಾಗಲೆಂದು ಈ ನಾಲ್ಕು ಮಾತು.

ಮೊದಲನೆಯ ಪ್ರಶ್ನೆ, ತಂತಿಯಿಲ್ಲದ್ದು ನಮಗೆ ಬೇಕೇ ಎಂಬುದು. ತಂತಿಯುಳ್ಳ ಕೀಲಿಮಣೆಗೆ ಸೆಲ್ಲು ಬೇಡ; ಕಳೆದುಹೋಗುವ ಬಿಡಿಭಾಗವಿಲ್ಲ; ಅದೇ ದರ್ಜೆಯ ಮಾಲು ಕಡಿಮೆ ಬೆಲೆಗೆ ಸಿಗುತ್ತದೆ. ಮೇಜಿನ ಮೇಲೆ ಸ್ಥಿರವಾಗಿರುವ ಯಂತ್ರಕ್ಕೆ ತಂತಿಯೇ ಸಾಕೆಂದು ನನ್ನ ಅಭಿಪ್ರಾಯ. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೇರಿಸಿ, ಕತ್ತು ಬಗ್ಗಿಸದೆ, ಕೈಗೆ ಸಮವಾದ ಎತ್ತರದಲ್ಲಿ ಟೈಪು ಮಾಡಬಯಸುವವರಿಗೂ ಹಾಸ್ಟೆಲಿನ ಇಕ್ಕಟ್ಟಾದ ಮೇಜಿನಲ್ಲಿ ದಿನಕ್ಕೆರಡು ಬಾರಿ ಎಲ್ಲವನ್ನೂ ತೆಗೆದಿಡಬೇಕಾದವರಿಗೂ ನಿಸ್ತಂತು ಜೊತೆ ನಿಜಕ್ಕೂ ಉಪಕಾರಿ. ನೋಟಕ್ಕೆ ಚೆನ್ನಾಗಿದೆ ಎಂಬುದೊಂದೇ ಕಾರಣವಾದರೆ ಹಣವನ್ನು ಪುಸ್ತಕಕ್ಕೆ ಕೊಡುವುದು ಲೇಸು.

ಕೊಳ್ಳುವುದೇ ನಿಶ್ಚಯವಾದರೆ ಕೆಲವು ಸಂಗತಿಗಳನ್ನು ಪರೀಕ್ಷಿಸತಕ್ಕದ್ದು. ಅಗ್ಗದ ಜೊತೆಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಜ್ ರೇಡಿಯೋ ಅಲೆಗಳಲ್ಲಿ ಕೆಲಸ ಮಾಡುತ್ತವೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಉಗುರಿನಷ್ಟು ಚಿಕ್ಕ ರಿಸೀವರು ಕೀಲಿಮಣೆ, ಮೌಸು ಎರಡರ ಸಂಕೇತವನ್ನೂ ಹಿಡಿಯುತ್ತದೆ. ಇಡೀ ಜೊತೆಯ ಪ್ರಾಣ ಇದರಲ್ಲಿದೆ. ಇದು ಕಳೆದರೆ ಬಹುತೇಕ ಅಗ್ಗದ ಮಾದರಿಗಳಲ್ಲಿ ಉಳಿದ ಎರಡೂ ಕಸ. ಆದುದರಿಂದ ಮೌಸಿನ ಹೊಟ್ಟೆಯಲ್ಲಿ ರಿಸೀವರನ್ನು ಇಡಲು ಜಾಗವಿದೆಯೇ ಎಂದು ನೋಡಬೇಕು. ಇನ್ನೊಂದು ಸೂಕ್ಷ್ಮವಿದೆ. ಯುಎಸ್‌ಬಿ 3.0 ಕಿಂಡಿಯಿಂದ ಹೊರಡುವ ಗದ್ದಲ ಇದೇ 2.4 ಗಿಗಾಹರ್ಟ್ಜ್ ಅಲೆಗಳನ್ನು ಕೆಡಿಸುವುದುಂಟೆಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿತು. ಮೌಸು ತಡವರಿಸಿದರೆ ಅದನ್ನು ಬೈಯುವ ಮೊದಲು ರಿಸೀವರನ್ನು ಬೇರೆ ಕಿಂಡಿಗೆ ಬದಲಿಸಿ ನೋಡಿ.

ಎರಡನೆಯದು ಸೆಲ್ಲು. ಒಳಗೇ ಅಡಗಿದ, ಚಾರ್ಜು ಮಾಡುವ ಬ್ಯಾಟರಿ ಮೊದಲು ಸುಖವೆನಿಸುತ್ತದೆ. ಅದು ಮುದಿಯಾದಾಗ ಬಿಚ್ಚಿ ಬದಲಿಸುವುದು ಸುಲಭವಲ್ಲ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಪೆನ್‌ಸೆಲ್ಲು ಹಾಕುವ ಮಾದರಿಯೇ ನಮಗೆ ಹಿತ. ಕೀಲಿಮಣೆ, ಮೌಸು ಎರಡಕ್ಕೂ ಆರಿಸುವ ಸ್ವಿಚ್ಚಿರಲಿ.

ಮೂರನೆಯದು ಭದ್ರತೆ. ಕೆಲವು ತಯಾರಕರ ನಿಸ್ತಂತು ಮೌಸು ಮತ್ತು ಕೀಲಿಮಣೆಗಳ ರಿಸೀವರಿಗೆ ದೂರದಿಂದಲೇ ಸುಳ್ಳು ಕೀಲಿಯೊತ್ತುಗಳನ್ನು ಕಳುಹಿಸಬಹುದೆಂದು 2016ರಲ್ಲಿ ಸಂಶೋಧಕರು ತೋರಿಸಿದರು. ಆ ದೋಷಕ್ಕೆ ‘ಮೌಸ್‌ಜ್ಯಾಕ್’ ಎಂದು ಹೆಸರಾಯಿತು. ಬ್ಯಾಂಕಿನ ಗುಪ್ತಪದವನ್ನೂ ಪರೀಕ್ಷಾ ಅರ್ಜಿಯನ್ನೂ ನಾವು ಇದೇ ಕೀಲಿಗಳಲ್ಲಿ ಬರೆಯುತ್ತೇವೆ. ಸಂಕೇತಗಳನ್ನು ಗೂಢಲಿಪಿಯಲ್ಲಿ ಕಳುಹಿಸುವುದಾಗಿ ಪೆಟ್ಟಿಗೆಯ ಮೇಲೆ ನಮೂದಿಸಿದ ಮಾದರಿಗೆ ಸ್ವಲ್ಪ ಹೆಚ್ಚು ಕೊಡುವುದು ದುಂದುವೆಚ್ಚವಲ್ಲ. ನಿಸ್ತಂತು ಕೀಲಿಮಣೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಕಡ್ಡಾಯವೆಂದು 2012ರ ಆದೇಶದಲ್ಲಿಯೇ ವಿಧಿಸಲಾಯಿತು. ಆ ಗುರುತು, ಸಂಖ್ಯೆ ಎರಡೂ ಇಲ್ಲದ ಅನಾಮಧೇಯ ಮಾಲನ್ನು ಮುಟ್ಟದಿರುವುದೇ ಕ್ಷೇಮ. ನಾನು ಕೊಂಡದ್ದರ ಬೆನ್ನು ತಿರುಗಿಸಿ ನೋಡಿದ್ದು ಕೆಟ್ಟ ಮೇಲೆ. ಅಲ್ಲಿ ಏನೂ ಇರಲಿಲ್ಲ.

ಕಡೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬೆರಳಿನ ಸಾಕ್ಷ್ಯ. ಸಾಧ್ಯವಾದರೆ ಅಂಗಡಿಗೆ ಹೋಗಿ ಒಂದು ಕನ್ನಡ ಪುಟವನ್ನು ಟೈಪು ಮಾಡಿ ನೋಡಬೇಕು. ನುಡಿಯವರು ಎಫ್ ಕೀಲಿಯನ್ನು, ಇನ್‌ಸ್ಕ್ರಿಪ್ಟ್ ಬಳಸುವವರು ಡಿ ಕೀಲಿಯನ್ನು ನೂರು ಸಲ ಒತ್ತಲಿ. ಒತ್ತಕ್ಷರದ ಭಾರವನ್ನೆಲ್ಲ ಹೊರುವುದು ಅವೇ. ಕನ್ನಡಕ್ಕೆ ಶಿಫ್ಟ್ ಕೀಲಿಯ ಕೆಲಸವೂ ಬಹಳ. ಅದನ್ನು ಕಿರಿದುಮಾಡಿ ಮೂಲೆಗೆ ತಳ್ಳಿದ ಮಾದರಿ ಎಷ್ಟೇ ಅಂದವಾಗಿದ್ದರೂ ನಮ್ಮದಲ್ಲ. ಅಂಚೆಯಲ್ಲಿ ತರಿಸಿಕೊಂಡರೆ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನವೇ ಈ ಪರೀಕ್ಷೆ ಮುಗಿಯಲಿ. ರಸೀದಿಯನ್ನು ಜೋಪಾನ ಮಾಡುವುದನ್ನು ಮರೆಯಬಾರದು, ನಾನು ಮರೆತಿದ್ದೆ.

ಕಾಲೇಜುಗಳ ಕಂಪ್ಯೂಟರ್ ಕೊಠಡಿಗಳ ವಿಷಯವಾಗಿಯೂ ಒಂದು ಮಾತನ್ನು ಉಪನ್ಯಾಸಕರ ಮುಂದೆ ವಿನಯದಿಂದ ಇಡುತ್ತೇನೆ. ಹೊಸದು ಕೊಳ್ಳುವ ಸಂದರ್ಭ ಬಂದರೆ ಕೊಠಡಿಗೆ ತಂತಿಯುಳ್ಳವನ್ನೇ ಕೊಳ್ಳುವುದು ಉಚಿತ. ಮೂವತ್ತು ಯಂತ್ರಗಳಿಗೆ ಮೂವತ್ತು ರಿಸೀವರುಗಳನ್ನು ಕಾಯುವವರಾರು? ಸೆಲ್ಲುಗಳ ಲೆಕ್ಕ ಬರೆಯುವವರಾರು? ಉಪನ್ಯಾಸಕರು ಪರದೆಯ ಬಳಿ ನಿಂತು ಪಾಠ ಹೇಳುವ ಸಭಾಂಗಣಕ್ಕೆ ಒಂದು ಒಳ್ಳೆಯ ನಿಸ್ತಂತು ಜೊತೆ ಸಾಕು. ಹಾಗೆ ಉಳಿದ ಹಣದಲ್ಲಿ ಪ್ರತಿಯೊಂದು ಕೀಲಿಮಣೆಗೂ ಕನ್ನಡ ಅಕ್ಷರಗಳ ಚೀಟಿ ಅಂಟಿಸಬಹುದು. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹೊತ್ತ ಕೀಲಿಮಣೆಯ ಮುಂದೆ ಕುಳಿತ ಮೊದಲ ವರ್ಷದ ವಿದ್ಯಾರ್ಥಿಗೆ, ಈ ಯಂತ್ರ ತನ್ನ ಭಾಷೆಗೆ ಸೇರಿದ್ದಲ್ಲವೆಂಬ ಭಾವನೆ ಹುಟ್ಟುವುದು ಸಹಜ. ಆ ಭಾವನೆಯೇ ಮುಂದೆ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಗೀಚುವ ಅಭ್ಯಾಸಕ್ಕೆ ದಾರಿಮಾಡುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ನಿಜ. ಆದರೆ ಹರಿದ ಹಾಸಿಗೆಯನ್ನೇ ಕೊಳ್ಳಬೇಕೆಂದು ಅವರು ಹೇಳಲಿಲ್ಲ. ನಾನೀಗ ತಂತಿಯುಳ್ಳ ಸಾಧಾರಣ ಕೀಲಿಮಣೆಯೊಂದರಲ್ಲಿ ಬರೆಯುತ್ತಿದ್ದೇನೆ. ಈ ಲೇಖನದಲ್ಲಿ ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದರೆ, ಅದರ ಶ್ರೇಯಸ್ಸು ಅದಕ್ಕೇ ಸಲ್ಲತಕ್ಕದ್ದು.