ತೂಕ ಇಳಿಸೋಕೆ ಹೀರೋ ಬೇಡ, ಜೊತೆಗಾರ ಬೇಕು!

ಗೆಳೆಯರೇ, ಈ ವಾರ ಗಾಂಧಿನಗರದ ಸುದ್ದಿಗೆ ರಜೆ. ಯಾವ ಚಿತ್ರ ಸೆಟ್ಟೇರಿತು, ಯಾರ ಕಾಲ್‌ಶೀಟು ಯಾರಿಗೆ ಸಿಕ್ಕಿತು, ಯಾವ ನಾಯಕಿ ಯಾರ ಮೇಲೆ ಮುನಿಸಿಕೊಂಡಳು... ಅದೆಲ್ಲ ಮುಂದಿನ ವಾರಕ್ಕಿರಲಿ. ಇವತ್ತು ನಿಮ್ಮ ಮುಂದೆ ನನ್ನದೊಂದು ತಪ್ಪೊಪ್ಪಿಗೆ.

ಹೋದ ವರ್ಷ ಇದೇ ಅಂಕಣದಲ್ಲಿ ಒಬ್ಬ ಯುವನಟನ ಮೈಕಟ್ಟಿನ ಗುಟ್ಟು ಬರೆದಿದ್ದೆ, ನೆನಪಿರಬಹುದು. ಮೊಟ್ಟೆಯ ಬಿಳಿ ಭಾಗ, ಬೇಯಿಸಿದ ಕೋಳಿ, ಅನ್ನ ಬಂದ್, ಉಪ್ಪು ಬಂದ್, ಎರಡು ಹೊತ್ತು ಜಿಮ್ಮು. "ಹದಿನೈದೇ ದಿನ ಸಾಕು, ನೀವೂ ಹೀರೋ!" ಅಂತ ಕೊನೆಗೊಂದು ಸಾಲು ಸೇರಿಸಿದ್ದೆ. ಆ ಮಾತು ನಟ ಹೇಳಿದ್ದಲ್ಲ, ಅವರ ತರಬೇತುದಾರ ಹೇಳಿದ್ದೂ ಅಲ್ಲ. ಲೇಖನಕ್ಕೊಂದು ಪಂಚ್ ಬೇಕಿತ್ತು, ನಾನೇ ಹಾಕಿದೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಮೈಯ ಲೆಕ್ಕ ನನಗೇನು ಗೊತ್ತು?

ಅದನ್ನು ಓದಿ ನಂಬಿದವರಲ್ಲಿ ನನ್ನ ಬಾಲ್ಯದ ದೋಸ್ತನೂ ಒಬ್ಬ. ದಾವಣಗೆರೆಯಲ್ಲಿ ಆಟೋ ಓಡಿಸುತ್ತಾನೆ. ಆಟೋದ ಹಿಂಭಾಗದಲ್ಲಿ ಅಪ್ಪು ನಗುತ್ತಿರುವ ದೊಡ್ಡ ಚಿತ್ರ. ಅವನ ಹೆಸರು ಇಲ್ಲಿ ಬೇಡ. ಶಾಲೆಯ ದಿನಗಳಿಂದ ಇಡೀ ಕೇರಿ ಅವನನ್ನು ಕರೆಯುತ್ತಿದ್ದುದು "ಡ್ರಮ್ಮು" ಅಂತ. ಆ ಹೆಸರಿಟ್ಟವನೂ ನಾನೇ! ನೋಡಿ, ಒಬ್ಬನಿಗೇ ಎಷ್ಟೆಲ್ಲ ಉಪಕಾರ ಮಾಡಿದ್ದೇನೆ.

ನನ್ನ ಲೇಖನ ಓದಿ ವ್ರತ ಹಿಡಿದ ಹನ್ನೊಂದನೇ ದಿನ. ಹೊಸ ಚಿತ್ರವೊಂದರ ಮೊದಲ ದಿನದ ಮೊದಲ ಆಟ. ಟಾಕೀಸಿನ ಮುಂದೆ ಕಟೌಟು, ಹಾರ, ತಮಟೆ, ಪಟಾಕಿ. ಡ್ರಮ್ಮು ಗುಂಪಿನ ನಡುವೆ ಕುಣಿಯುತ್ತಿದ್ದವನು ಹಾಗೇ ಕುಸಿದ. ಹೊಸ ಸ್ಟೆಪ್ಪು ಅಂದುಕೊಂಡು ಎಲ್ಲರೂ ಶಿಳ್ಳೆ ಹೊಡೆದರು! ನಾನೂ ಹೊಡೆದೆ. ಹಣೆಯಿಂದ ರಕ್ತ ಇಳಿದಾಗಲೇ ಗೊತ್ತಾಗಿದ್ದು.

ಮೂರು ಹೊಲಿಗೆ ಬಿತ್ತು. ಊಟವಿಲ್ಲ, ಉಪ್ಪಿಲ್ಲ, ಬಿಸಿಲಲ್ಲಿ ಬೆವರು. ರಕ್ತದೊತ್ತಡ ಇಳಿದುಹೋಗಿದೆ ಅಂದರು ಡಾಕ್ಟರು. ಚೇತರಿಸಿಕೊಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 148. ಇನ್ನೊಮ್ಮೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. 126 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕವಂತೆ. ಅವನಿಗಿನ್ನೂ 28. ಅವನ ಅಪ್ಪನಿಗೂ ಸಕ್ಕರೆ ಇತ್ತು. ಐವತ್ತು ತುಂಬುವ ಮೊದಲೇ ಹೃದಯಾಘಾತದಲ್ಲಿ ಹೋದವರು.

ಅವನ ಅವ್ವ ನನಗೆ ಒಂದು ಬೈಗುಳ ಬೈಯಲಿಲ್ಲ. "ನೀ ಬರದಿದ್ದನ್ನ ಓದಿ ಮಾಡಿದನಪ್ಪ. ಪೇಪರ್‌ನಾಗೆ ಬರೆಯೋರು ಸುಳ್ಳು ಹೇಳ್ತಾರೇನವ್ವಾ ಅಂದ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಹೋದ ವರ್ಷ ಬರೆಯದೆ ಬಿಟ್ಟಿದ್ದನ್ನು ಈಗ ಬರೆಯುತ್ತೇನೆ. ತೆರೆಯ ಮೇಲೆ ಕಾಣೋ ಆ ಹೊಟ್ಟೆಯ ಗೆರೆಗಳಿವೆಯಲ್ಲ, ಅವು ಆ ಒಂದು ಶಾಟ್‌ಗಾಗಿ ತಯಾರಾದವು. ಶೂಟಿಂಗಿಗೆ ಮುಂಚೆ ನೀರು, ಉಪ್ಪು ಕಡಿಮೆ ಮಾಡಿ ಚರ್ಮ ಬಿಗಿಯೋ ಹಾಗೆ ಮಾಡುವವರಿದ್ದಾರೆ. ಕ್ಯಾಮೆರಾ ತಿರುಗೋ ಮೊದಲು ಹತ್ತು ಸಲ ಡಂಬೆಲ್ಸ್ ಎತ್ತುತ್ತಾರೆ, ಮೈಗೆ ಎಣ್ಣೆ ಸವರುತ್ತಾರೆ, ಪಕ್ಕದಿಂದ ಲೈಟು ಬೀಳುತ್ತದೆ. 2016ರ 'ದಂಗಲ್' ಚಿತ್ರಕ್ಕೆ ಅಮೀರ್ ಖಾನ್ ಸುಮಾರು 97 ಕಿಲೋ ತೂಗುವಷ್ಟು ಮೈ ಬೆಳೆಸಿ, ಆಮೇಲೆ ಇಳಿಸಿದರು. ಇಳಿಸೋಕೆ ತಿಂಗಳುಗಟ್ಟಲೆ ಹಿಡಿಯಿತು. ತರಬೇತುದಾರರು, ಆಹಾರ ತಜ್ಞರು ಜೊತೆಗಿದ್ದರು. ಅವರಿಗೆ ಅದೇ ಕೆಲಸ. ನಮ್ಮ ಡ್ರಮ್ಮುಗೆ ಬೆಳಗ್ಗೆ ಆರಕ್ಕೆ ರೈಲ್ವೆ ಸ್ಟೇಷನ್ ಬಾಡಿಗೆ!

ಲೆಕ್ಕವನ್ನೂ ಕೇಳಿ. ಮೈಯಲ್ಲಿನ ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಮ್ಮಿ ಮಾಡಿದರೆ ವಾರಕ್ಕೆ ಅರ್ಧ ಕಿಲೋದ ಆಸುಪಾಸು ಇಳಿಯುತ್ತದೆ. ಹದಿನೈದು ದಿನಕ್ಕೆ ಒಂದು ಕಿಲೋ! "ಮೊದಲ ವಾರವೇ ನಾಲ್ಕು ಕಿಲೋ ಇಳಿದೆ" ಅಂತ ಕುಣಿಯುವವರು ಕಳಕೊಂಡಿರೋದು ಬಹುಪಾಲು ನೀರನ್ನ. ಊಟ ಶುರು ಮಾಡಿದ ಕೂಡಲೇ ಅದು ವಾಪಸ್ಸು ಬರುತ್ತದೆ.

ಹಾಗಾದರೆ ಕಸರತ್ತು ಬೇಡವೇ? ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ಹುಡುಗರು ಅಪ್ಪು ಹೆಸರು ಎತ್ತುತ್ತಾರೆ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ಪುನೀತ್ ರಾಜ್‌ಕುಮಾರ್ ಹೋದಾಗ ಎಷ್ಟೋ ಮಂದಿ ಜಿಮ್ಮು ಬಿಟ್ಟರು. ಡ್ರಮ್ಮು ಕೂಡ ಬಿಟ್ಟವನೇ. "ಅಷ್ಟು ಗಟ್ಟಿಮುಟ್ಟಾಗಿದ್ದ ಅಪ್ಪೂನೇ ಉಳೀಲಿಲ್ಲ, ನಾನು ನಡೆದು ಏನ್ ಮಾಡ್ಲಿ?" ಅಂತಿದ್ದ. ದುಃಖದ ಮಾತು ಅದು, ಹೀಗಳೆಯಲಾರೆ. ಆದರೆ ಆಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರಲ್ಲ, ಅವರು ಕಲಿತದ್ದೇ ಸರಿಯಾದ ಪಾಠ: ಮೊದಲು ತಪಾಸಣೆ, ಆಮೇಲೆ ಮೈಗೆ ತಕ್ಕ ಕಸರತ್ತು. ಅಣ್ಣಾವ್ರನ್ನೇ ನೋಡಿ. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಆಸನಗಳನ್ನು ಮಾಡಿ ತೋರಿಸಿದಾಗ ಅವರಿಗೆ ಐವತ್ತು ದಾಟಿತ್ತು. ಅದು ಹದಿನೈದು ದಿನದ ಮಾಯೆಯಲ್ಲ, ನಿತ್ಯದ ಅಭ್ಯಾಸ.

ಸರಿ, ನಾವೇನು ಮಾಡಿದೆವು ಅಂತ ಹೇಳುತ್ತೇನೆ. "ನಾವು" ಅಂದೆ, ಯಾಕಂದರೆ ನನ್ನ ತೂಕವೂ 88. ಐದಡಿ ಆರಿಂಚಿನ ಆಳಿಗೆ 65ರ ಒಳಗಿರಬೇಕಂತೆ! ಡ್ರಮ್ಮುದು 106. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಅವನ ಮನೆ ಕಟ್ಟೆ ಮೇಲೆ ಕೂತು ಒಪ್ಪಂದ ಮಾಡಿಕೊಂಡೆವು. ಮೂರೇ ಕರಾರು. ಒಂದು, ಭಾನುವಾರ ಬೆಳಗ್ಗೆ ಇಬ್ಬರೂ ಒಂದೇ ಮೆಡಿಕಲ್ ಶಾಪಿನ ತೂಕದ ಯಂತ್ರದ ಮೇಲೆ ನಿಲ್ಲೋದು. ಎರಡು, ದಿನಾ ಒಮ್ಮೆ ಕೇಳೋದು: "ಇವತ್ತು ನಡೆದ್ಯೇನಲೇ? ಏನು ತಿಂದಿ?" ಮೂರು, ಯಾರು ತಪ್ಪಿದರೂ ಹಂಗಿಸೋ ಹಾಗಿಲ್ಲ. "ಡ್ರಮ್ಮು" ಅನ್ನೋ ಹೆಸರು ಅವತ್ತಿಗೇ ಬಂದ್.

ಚಿಕ್ಕವರಿದ್ದಾಗ ನಿಲ್ದಾಣಗಳಲ್ಲಿ ಬಣ್ಣದ ದೀಪ ತಿರುಗೋ ತೂಕದ ಯಂತ್ರ ಇರುತ್ತಿತ್ತಲ್ಲ? ರೂಪಾಯಿ ಹಾಕಿದರೆ ಟಿಕೇಟು ಬೀಳುತ್ತಿತ್ತು. ಒಂದು ಕಡೆ ಸಿನಿಮಾ ತಾರೆಯ ಚಿತ್ರ, ಇನ್ನೊಂದು ಕಡೆ ತೂಕ, ಭವಿಷ್ಯ. ನಾವು ಚಿತ್ರ ನೋಡಿ ಜೇಬಿಗೆ ಹಾಕುತ್ತಿದ್ದೆವು, ತೂಕ ಓದುತ್ತಲೇ ಇರಲಿಲ್ಲ. ಈಗ ಓದಲು ಕಲಿತಿದ್ದೇವೆ.

ಮೊದಲು ಚಹಾದ ಲೆಕ್ಕ ಹಾಕಿದೆವು. ಆಟೋ ಸ್ಟ್ಯಾಂಡಿನಲ್ಲಿ ಅವನಿಗೆ ದಿನಕ್ಕೆ ಏಳು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಹದಿನಾಲ್ಕು ಚಮಚ ಅಂದರೆ 70 ಗ್ರಾಂ, 280 ಕ್ಯಾಲೊರಿ! ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಸಾಮಾನ್ಯ ಆಳಿಗೆ ಇಡೀ ದಿನಕ್ಕೆ 50 ಗ್ರಾಂ ಮೀರಬಾರದು, 25 ಆದರೆ ಇನ್ನೂ ಒಳ್ಳೇದು. ಸಕ್ಕರೆ ಕಾಯಿಲೆ ಇರುವವನಿಗೆ ಕೇಳೋದೇ ಬೇಡ. ಈಗ ಮೂರು ಚಹಾ, ಸಕ್ಕರೆ ಇಲ್ಲ. ಟಾಕೀಸಿನ ಇಂಟರ್‌ವಲ್ಲಿನಲ್ಲಿ ಕೋಲಾ ಕುಡಿಯುತ್ತಿದ್ದೆವಲ್ಲ, 300 ಮಿ.ಲೀ. ಬಾಟಲಿಯಲ್ಲೇ ಆರು ಚಮಚ ಸಕ್ಕರೆ ಇರುತ್ತದೆ. ಅದನ್ನೂ ಬಿಟ್ಟೆವು. ಪಾಪ್‌ಕಾರ್ನ್ ಬೇಕೇ ಬೇಕು ಅನಿಸಿದರೆ ಬೆಣ್ಣೆ ಹಾಕದ್ದು ಒಂದು ತಗೊಂಡು ಇಬ್ಬರಿಗೂ.

ಆಮೇಲೆ ತಟ್ಟೆ. ಜೋಳದ ರೊಟ್ಟಿ ನಾಲ್ಕರ ಬದಲು ಎರಡು. ಅರ್ಧ ತಟ್ಟೆ ಸೊಪ್ಪು, ತರಕಾರಿ, ಸೌತೆಕಾಯಿ. ಹೆಸರುಕಾಳು ಪಲ್ಯವೋ, ಮಡಕೆಕಾಳು ಉಸಲಿಯೋ ಒಂದು ಬಟ್ಟಲು. ಕೊನೆಗೆ ಒಂದೇ ಸೌಟು ಅನ್ನ, ನೀರು ಮಜ್ಜಿಗೆ. ಮೊಟ್ಟೆ ತಿಂದರೆ ಇಡೀ ಮೊಟ್ಟೆ. ಒಂದರಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ಸಾವಿರಾರು ರೂಪಾಯಿಯ ಪುಡಿ ಡಬ್ಬ ಬೇಡವೇ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ತಂದ ಆಹಾರ ಮಾರ್ಗಸೂಚಿಯೂ ಮೈಕಟ್ಟಿಗಾಗಿ ಆ ಪುಡಿ ತಿನ್ನಬೇಡಿ ಅಂತಲೇ ಹೇಳಿದೆ. ರಾಗಿ ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತೆ ಅನ್ನೋರಿಗೊಂದು ಮಾತು: ರಾಗಿ ಒಳ್ಳೇದೇ, ನಾರಿದೆ, ಸುಣ್ಣದ ಸತ್ವ ಇದೆ. ಆದರೆ ತೂಕಕ್ಕೆ ತೂಕ ಕ್ಯಾಲೊರಿ ಅಕ್ಕಿಯ ಹತ್ತಿರ ಹತ್ತಿರವೇ. ಮೂರು ಮುದ್ದೆ ಮೂರು ಮುದ್ದೆಯೇ!

ಅವನ ಅವ್ವ ಮೂರು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ತರಿಸುತ್ತಿದ್ದವರು ಎರಡೂವರೆಗೆ ಇಳಿಸಿದರು. "ಪಲ್ಯ ಸಪ್ಪಗಾಗತೈತಿ" ಅಂತ ಒಂದು ವಾರ ಗೊಣಗಿದರು. ಆಮೇಲೆ ಅವರ ಮಂಡಿ ನೋವೇ ಕಮ್ಮಿಯಾಯಿತಂತೆ. ಅದು ಎಣ್ಣೆಯಿಂದಲೋ, ಮಗ ನಡೆಯೋದು ನೋಡಿ ಅವರೂ ನಡೆಯೋಕೆ ಶುರು ಮಾಡಿದ್ದರಿಂದಲೋ, ಆ ದೇವರಿಗೇ ಗೊತ್ತು.

ನಡಿಗೆ ಕುಂದುವಾಡ ಕೆರೆ ಏರಿ ಮೇಲೆ. ವಾರಕ್ಕೆ ಐದು ದಿನ, ನಲವತ್ತು ನಿಮಿಷ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮೊದಲ ವಾರ ಅರ್ಧ ದಾರಿಗೇ ಇಬ್ಬರಿಗೂ ಏದುಸಿರು. ಈಗ ನಡೀತಾ ನಡೀತಾ ಯಾವ ಚಿತ್ರದ ಸೆಕೆಂಡ್ ಹಾಫ್ ಎಲ್ಲಿ ಎಡವಿತು ಅಂತ ಜಗಳ ಆಡುವಷ್ಟು ಉಸಿರಿದೆ.

ಹಾಗಂತ ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಐದನೇ ತಿಂಗಳು. ಬೆಂಗಳೂರಿನಲ್ಲಿ ಒಂದು ಕಡೆಯಿಂದ ಬರಬೇಕಿದ್ದ ಸಂಭಾವನೆ ಬಂದಿರಲಿಲ್ಲ. ಎರಡು ದಿನ ಅಲೆದು, ಬರಿಗೈಯಲ್ಲಿ ರಾತ್ರಿ ಹೊತ್ತು ದಾವಣಗೆರೆಯಲ್ಲಿ ಬಸ್ ಇಳಿದೆ. ಹಸಿವು, ಸಿಟ್ಟು, ಅವಮಾನ. ಗಾಡಿ ಅಂಗಡಿಯಲ್ಲಿ ಎರಡು ಪ್ಲೇಟು ಮಿರ್ಚಿ, ಮಂಡಕ್ಕಿ ತಗೊಂಡು ಗೋಡೆ ಕಡೆ ಮುಖ ಮಾಡಿ ತಿನ್ನೋಕೆ ಕೂತೆ. ಮೂರನೇ ಮಿರ್ಚಿಗೆ ಕೈ ಹಾಕಿದ್ದೇನೆ, ಪಕ್ಕದಲ್ಲಿ ಆಟೋ ನಿಂತ ಸದ್ದು. ತಿರುಗಿ ನೋಡಿದರೆ ಅವನೇ!

ನನಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಅವನು ಬಂದು ಪಕ್ಕದಲ್ಲಿ ಕೂತ. ಎರಡನೇ ಪ್ಲೇಟು ಎತ್ತಿ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರಿಗೆ ಕೊಟ್ಟ. ನನ್ನ ಪ್ಲೇಟಿನಿಂದ ಅರ್ಧ ಮಿರ್ಚಿ ಮುರಿದು ತಾನು ತಿಂದ. "ದುಡ್ಡು ಬರಲಿಲ್ಲೇನಲೇ?" ಅಂದ. ತಲೆ ಆಡಿಸಿದೆ.

"ಬೈಯಲ್ವೇನಲೇ?" ಅಂತ ನಾನೇ ಕೇಳಿದೆ.

"ಬೈದ್ರೆ ನಾಳೆ ನನ್ನ ಕಣ್ಣು ತಪ್ಪಿಸಿ ತಿಂತೀಯ. ನಾನೂ ಹಂಗೇ ಮಾಡ್ತಿದ್ದೆ. ನೀವು ಡ್ರಮ್ಮು ಅಂದಾಗೆಲ್ಲ ನಗ್ತಿದ್ದೆ, ಆಮೇಲೆ ಒಬ್ಬನೇ ಹೋಗಿ ಇನ್ನೆರಡು ತಿಂತಿದ್ದೆ." ಅಷ್ಟು ಹೇಳಿ ಎದ್ದ. "ಹತ್ತಲೇ, ಮನೀಗೆ ಬಿಡ್ತೀನಿ. ಬೆಳಗ್ಗೆ ಐದೂವರೆಗೆ ಕೆರೆ ಹತ್ರ ಬಾ."

ಹದಿನೈದು ವರ್ಷ ಆ ಹೆಸರು ಕೂಗಿದ್ದೇನೆ ನಾನು. ತಮಾಷೆ ಅಂದುಕೊಂಡಿದ್ದೆ. ಹಂಗಿಸಿದರೆ ಛಲ ಬರುತ್ತೆ, ಆಮೇಲೆ ತಾನೇ ಇಳಿಸ್ತಾನೆ ಅಂತಲೂ ಅಂದುಕೊಂಡಿದ್ದೆ. ಸಿನಿಮಾದಲ್ಲಿ ಹಾಗೇ ಅಲ್ಲವೇ? ಅವಮಾನ ಆದ ಮರುಕ್ಷಣ ಒಂದು ಹಾಡು, ಹಾಡು ಮುಗಿಯೋದರೊಳಗೆ ಹೀರೋ ಉಕ್ಕಿನ ಮೈ! ನಿಜ ಜೀವನದಲ್ಲಿ ಅವಮಾನ ಆದವನು ಕತ್ತಲೆಯಲ್ಲಿ ಕೂತು ತಿನ್ನುತ್ತಾನೆ. ಆ ರಾತ್ರಿ ನಾನೂ ಅದನ್ನೇ ತಾನೇ ಮಾಡಿದ್ದು?

ಮಾರನೇ ದಿನ ಐದೂವರೆಗೆ ಹೋದೆ. ಅವನು ಆಗಲೇ ಬಂದಿದ್ದ.

ಹತ್ತು ತಿಂಗಳಾದ ಮೇಲೆ ಹೋದ ಭಾನುವಾರದ ಲೆಕ್ಕ: ಅವನು 106ರಿಂದ 94ಕ್ಕೆ, ನಾನು 88ರಿಂದ 80ಕ್ಕೆ. ಅವನ ಖಾಲಿ ಹೊಟ್ಟೆಯ ಸಕ್ಕರೆ 112. ಮಾತ್ರೆ ಇನ್ನೂ ಇದೆ. ಡಾಕ್ಟರು ಹೇಳೋವರೆಗೆ ನಿಲ್ಲಿಸೋದಿಲ್ಲ. ನಿಮ್ಮಲ್ಲೂ ಯಾರಾದರೂ ಸಕ್ಕರೆಗೆ ಮಾತ್ರೆ ತಗೊಳ್ಳೋರಿದ್ದರೆ ಡಾಕ್ಟರನ್ನು ಕೇಳದೆ ಉಪವಾಸ ಗಿಪವಾಸ ಮಾಡಬೇಡಿ. ಮನೆಯಲ್ಲಿ ಟೈಲರ್ ಟೇಪು ಇದ್ದರೆ ಸೊಂಟ ಅಳೆದುಕೊಳ್ಳಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು ಮೀರಿದರೆ ಎಚ್ಚರಿಕೆ ಗಂಟೆ. ನಮ್ಮಿಬ್ಬರದೂ ಇನ್ನೂ ಮೀರೇ ಇದೆ. ದಾರಿ ಉದ್ದ ಇದೆ.

ಬೆಣ್ಣೆ ದೋಸೆ ಬಿಟ್ಟಿರಾ ಅಂತ ಕೇಳಬೇಡಿ. ದಾವಣಗೆರೆಯಲ್ಲಿ ಹುಟ್ಟಿ ಅಷ್ಟು ದೊಡ್ಡ ಪಾಪ ಮಾಡೋಕಾಗುತ್ತಾ? ತಿಂಗಳಿಗೊಮ್ಮೆ, ತಲಾ ಒಂದೇ ಒಂದು. ಮುಂಚೆ ಮೂರು ತಿಂದರೂ ರುಚಿ ನೆನಪಿರುತ್ತಿರಲಿಲ್ಲ, ಈಗ ಇಡೀ ತಿಂಗಳು ನೆನಪಿರುತ್ತೆ.

ಗೆಳೆಯರೇ, "ಹದಿನೈದೇ ದಿನ" ಅಂತ ಬರೆದ ಸಾಲನ್ನು ಈ ಮೂಲಕ ವಾಪಸ್ಸು ತಗೊಂಡಿದ್ದೇನೆ. ಅದನ್ನು ಓದಿ ಯಾರಿಗಾದರೂ ತೊಂದರೆ ಆಗಿದ್ದರೆ ಕ್ಷಮಿಸಿ. ನಿಮ್ಮ ಗುಂಪಿನಲ್ಲೂ ಒಬ್ಬ ಡ್ರಮ್ಮು, ಒಬ್ಬ ಗುಂಡ, ಒಬ್ಬ ಆನೆಮರಿ ಇದ್ದೇ ಇರುತ್ತಾನೆ. ಇವತ್ತು ಅವನನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದು ನೋಡಿ. ನಾಳೆ ಬೆಳಗ್ಗೆ ಜೊತೆಗೆ ನಡೆಯೋಕೆ ಬರ್ತೀಯಾ ಅಂತ ಕೇಳಿ. ಬಸ್ಸು ಬರೋದು ಇನ್ನೂ ತಡವಿದ್ದರೆ ಈಗಲೇ ಒಂದು ಫೋನು ಮಾಡಿ, ಏನಂತೀರಿ?

ಮುಂದಿನ ವಾರ ಸಿನಿಮಾ ಸುದ್ದಿಯೊಂದಿಗೆ ಸಿಗೋಣ. ಭಾನುವಾರದ ತೂಕ ಎಷ್ಟು ಬಂತು ಅನ್ನೋದನ್ನೂ ಕೊನೆಯಲ್ಲಿ ಒಂದು ಸಾಲು ಬರೆಯುತ್ತೇನೆ. ಏರಿದ್ದರೂ ಬರೆಯುತ್ತೇನೆ!